ಮಗಳ ಕೆನ್ನೆಯ ಕಲೆ ಮತ್ತು ಮೂರು ವರ್ಷದ ಫೈಲು

ಹೋದ ವಾರ ಬೆಂಗಳೂರಿನಿಂದ ವಾಪಸ್ ಬಂದೆವು. ಡಾಕ್ಟರು ಮಗಳ ಫೈಲು ಮುಚ್ಚಿ, "ಇನ್ನು ಮೂರು ತಿಂಗಳಿಗೊಮ್ಮೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ" ಎಂದರು. ಆ ಒಂದು ಮಾತಿಗೆ ನಾವು ಮೂರು ವರ್ಷ ಕಾದಿದ್ದೆವು. ಮಗಳಿಗೆ ಚರ್ಮದ ಲೂಪಸ್ ಇದೆ, ದೇಹದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ಬೀಳುವ ಕಾಯಿಲೆ. ಅದರಲ್ಲೂ ಡಿಸ್ಕಾಯ್ಡ್ ಎನ್ನುವ, ಗುರುತು ಉಳಿಸುವ ದುಂಡು ಕಲೆಗಳ ಬಗೆ. ಈ ಹೆಸರು ಮೊದಲ ಸಲ ಕೇಳಿದ ರಾತ್ರಿ ನಾನು ಫೋನಿನಲ್ಲಿ ಹುಡುಕಿದೆ, ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮೂರು ರಾಣೆಬೆನ್ನೂರು. ಅತ್ತೆಯ ಮನೆ ಬ್ಯಾಡಗಿ ಹತ್ತಿರದ ಹಳ್ಳಿ. 2022ರ ಫೆಬ್ರವರಿಯಲ್ಲಿ ಮೆಣಸಿನಕಾಯಿ ಸುಗ್ಗಿಗೆ ಹೋಗಿದ್ದೆವು. ಮಗಳಿಗೆ ಆಗ 8 ವರ್ಷ. ಬೆಳಗಿನಿಂದ ಸಂಜೆವರೆಗೂ ಕಣದಲ್ಲಿ ಅಜ್ಜಿಯ ಹಿಂದೆ ಮುಂದೆ ಓಡಾಡಿಕೊಂಡಿದ್ದಳು. ವಾಪಸ್ ಬಂದ ಹತ್ತು ದಿನಕ್ಕೆ ಬಲಗೆನ್ನೆಯ ಮೇಲೆ ನಾಲ್ಕಾಣೆ ಅಗಲದ ಕೆಂಪು ಕಲೆ ಕಾಣಿಸಿತು. ತುರಿಕೆ ಅಷ್ಟಾಗಿ ಇರಲಿಲ್ಲ. ಮೆಣಸಿನಕಾಯಿ ಘಾಟು ತಾಗಿರಬೇಕು ಅಂದುಕೊಂಡೆವು. ಅತ್ತೆ ಒಪ್ಪಲಿಲ್ಲ. "ನಮ್ಮ ಕಾಯಿಗೆ ಬಣ್ಣ ಜಾಸ್ತಿ, ಖಾರ ಎಲ್ಲಿದೆ? ಮಗುವಿಗೆ ಬಿಸಿಲು ಬಡಿದಿದೆ" ಎಂದರು. ಎಂಟು ತಿಂಗಳಾದ ಮೇಲೆ ಬೆಂಗಳೂರಿನ ಡಾಕ್ಟರೂ ಹೇಳಿದ್ದು ಬಿಸಿಲಿನ ಮಾತನ್ನೇ.

ಮೊದಲು ತೋರಿಸಿದ್ದು ಔಷಧಿ ಅಂಗಡಿಯಲ್ಲಿ. ಗಜಕರ್ಣ ಎಂದು ಹೇಳಿ ಒಂದು ಟ್ಯೂಬ್ ಕೊಟ್ಟರು. ನಾಲ್ಕೇ ದಿನಕ್ಕೆ ಕಲೆ ಮಂಕಾಯಿತು. ನಾವು ಖುಷಿಪಟ್ಟೆವು. ನಿಲ್ಲಿಸಿದ ವಾರಕ್ಕೆ ಇನ್ನೂ ಅಗಲವಾಗಿ ಎದ್ದಿತು. ಮತ್ತೆ ಹಚ್ಚಿದೆವು, ಮತ್ತೆ ಎದ್ದಿತು. ಹೀಗೆ ಎರಡು ತಿಂಗಳು ಹೋಯಿತು. ಆ ಟ್ಯೂಬಿನಲ್ಲಿ ಗಜಕರ್ಣದ ಔಷಧಿಯ ಜೊತೆಗೆ ಬಲವಾದ ಸ್ಟಿರಾಯ್ಡ್ ಕೂಡ ಬೆರೆಸಿತ್ತು. ಮಂಕಾಗಿದ್ದು ಆ ಸ್ಟಿರಾಯ್ಡ್‌ನಿಂದ. ಮುಖದ ಚರ್ಮ ತೆಳ್ಳಗಾಗಿದ್ದೂ ಅದರಿಂದಲೇ. ನಿಮ್ಮ ಮನೆಯಲ್ಲೂ ಮಗುವಿನ ಮುಖಕ್ಕೆ ಇಂಥ ಬೆರಕೆ ಕ್ರೀಮು ಹಚ್ಚುತ್ತಿದ್ದರೆ, ಅದರ ಡಬ್ಬಿಯನ್ನು ಎಸೆಯಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಅವರು ಮೊದಲು ಕೇಳುವ ಪ್ರಶ್ನೆಯೇ "ಏನು ಹಚ್ಚಿದ್ದೀರಿ" ಎನ್ನುವುದು.

ಜೂನ್‌ನಲ್ಲಿ ಶಾಲೆ ಶುರುವಾಗುವ ಹಿಂದಿನ ದಿನ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆ. ಬಲಗಿವಿಯ ಮೇಲ್ಭಾಗದಲ್ಲಿ, ಕೂದಲಿನ ಒಳಗೆ, ಬೆರಳಿಗೆ ನುಣ್ಣಗೆ ಸಿಕ್ಕಿತು. ಬಿಡಿಸಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇಲ್ಲ. ಅಂಚು ಕಪ್ಪು, ನಡುವೆ ಗುಲಾಬಿ, ಮೇಲೆ ಪೊರೆ. ನಾನು ಅವಳಿಗೆ ಏನೂ ಹೇಳಲಿಲ್ಲ. ಜಡೆಯನ್ನು ಆ ಕಡೆಗೆ ಎಳೆದು ಬಿಗಿಯಾಗಿ ಕಟ್ಟಿದೆ. ಆ ದಿನವೇ ದಾವಣಗೆರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಜೂನ್ ಅಂದರೆ ಫೀಸು, ಪುಸ್ತಕ, ಯೂನಿಫಾರ್ಮು. ಕೂದಲು ಮತ್ತೆ ಬರುತ್ತದಲ್ವಾ ಅಂದುಕೊಂಡೆ. ಆ ಜಾಗದಲ್ಲಿ ಇವತ್ತಿಗೂ ಬಂದಿಲ್ಲ.

ಸರಿಯಾದ ದಾರಿ ತೋರಿಸಿದ್ದು ನಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆ. ಕುಷ್ಠರೋಗದ ಮನೆ ಮನೆ ಸಮೀಕ್ಷೆಗೆ ಬಂದಿದ್ದರು. ಅಷ್ಟೊತ್ತಿಗೆ ಕೆನ್ನೆಯ ಕಲೆಯ ನಡುಭಾಗ ಬೆಳ್ಳಗಾಗಿತ್ತು. ಅವರು ಮಗಳಿಗೆ ಕಣ್ಣು ಮುಚ್ಚಲು ಹೇಳಿ, ಕಲೆಯ ಮೇಲೆ ಪೆನ್ನಿನ ತುದಿ ಮುಟ್ಟಿಸಿ "ಗೊತ್ತಾಗುತ್ತಾ?" ಎಂದು ಕೇಳಿದರು. ನನ್ನ ಎದೆ ನಿಂತುಹೋದಂತಾಯಿತು. ಮಗಳು ಪ್ರತಿ ಸಲವೂ ಸರಿಯಾಗಿ ಹೇಳಿದಳು. "ಸ್ಪರ್ಶ ಇದೆ, ಅದು ಆಗಿರಲಿಕ್ಕಿಲ್ಲ. ಆದರೆ ಇಷ್ಟು ತಿಂಗಳು ಒಂದು ಕಲೆ ಹೋಗದೆ ಇದ್ದರೆ ಚರ್ಮದ ಡಾಕ್ಟರಿಗೇ ತೋರಿಸಬೇಕು" ಎಂದು ಚೀಟಿ ಬರೆದುಕೊಟ್ಟರು. ಅವರ ಋಣ ನನ್ನ ಮೇಲಿದೆ.

ದಾವಣಗೆರೆಯ ಚರ್ಮದ ಡಾಕ್ಟರು ಕಲೆಯನ್ನು ಹತ್ತು ನಿಮಿಷ ನೋಡಿದರು. ಮೊದಲು ಅಂಚಿನ ಪೊರೆಯನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಗಜಕರ್ಣದ ಪರೀಕ್ಷೆ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಇನ್ನೊಂದು ಪೊರೆಯನ್ನು ಚಿಮಟದಲ್ಲಿ ನಿಧಾನವಾಗಿ ಎತ್ತಿ ಅದರ ಅಡಿಭಾಗವನ್ನು ನನಗೆ ಭೂತಗನ್ನಡಿಯಲ್ಲಿ ತೋರಿಸಿದರು. ಸಣ್ಣ ಸಣ್ಣ ಮುಳ್ಳುಗಳು. ಕೂದಲಿನ ರಂಧ್ರಗಳಲ್ಲಿ ಬಿರಡೆ ಹಾಕಿದಂತೆ ಕೂತಿದ್ದ ಪೊರೆ ಅದು. ಕಿವಿಯ ಬಟ್ಟಲಿನ ಒಳಗೂ ನೋಡಿದರು. ಅಲ್ಲಿ ನಮಗೆ ಗೊತ್ತೇ ಇಲ್ಲದ ಎರಡು ಕಪ್ಪು ಚುಕ್ಕೆ ಇದ್ದವು. ತಲೆಯನ್ನು ಪೂರ್ತಿ ಬಿಡಿಸಿ ನೋಡಿದರು. ಬಾಯಿ ತೆರೆಸಿ ಅಂಗುಳ ನೋಡಿದರು. ಕೊನೆಗೆ "ಬಯಾಪ್ಸಿ ಮಾಡೋಣ" ಎಂದರು.

ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ನಮ್ಮ ತಲೆಯಲ್ಲಿ. ಹಾಗಲ್ಲ. ಮರಗಟ್ಟಿಸುವ ಮುಲಾಮು ಹಚ್ಚಿ ಒಂದು ಗಂಟೆ ಕಾಯಿಸಿದರು. ಆಮೇಲೆ ಚಿಕ್ಕ ಸೂಜಿ. ಆಮೇಲೆ ಪೆನ್ನಿನ ಹಾಗಿನ ಉಪಕರಣದಲ್ಲಿ 4 ಮಿಲಿಮೀಟರ್ ಚರ್ಮ ತೆಗೆದರು. ಮುಖದಿಂದ ಬೇಡ ಎಂದು ತಲೆಯ ಕಲೆಯ ಅಂಚಿನಿಂದಲೇ ತೆಗೆದರು. ಎರಡು ಹೊಲಿಗೆ. ಅವಳು ಸೂಜಿಗೆ ಅತ್ತಳು, ಆಮೇಲೆ ಅಳಲಿಲ್ಲ.

ಇಲ್ಲಿ ಒಂದು ಎಡವಟ್ಟಾಯಿತು, ನೀವು ಎಚ್ಚರವಾಗಿರಿ. ಡಾಕ್ಟರು ಎರಡು ತುಂಡು ಕಳಿಸಿದ್ದರು. ಒಂದು ಮಾಮೂಲಿ ಪರೀಕ್ಷೆಗೆ, ಅದನ್ನು ಕೊಳೆಯದಂತೆ ಕಾಪಾಡುವ ದ್ರವವಾದ ಫಾರ್ಮಲಿನ್‌ನಲ್ಲಿ ಇಡಬೇಕು. ಇನ್ನೊಂದು ಇಮ್ಯುನೋಫ್ಲೋರೆಸೆನ್ಸ್ ಎನ್ನುವ ಪರೀಕ್ಷೆಗೆ, ಚರ್ಮದಲ್ಲಿ ಕೂತ ಪ್ರತಿಕಾಯಗಳನ್ನು (ರೋಗದ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳು) ಹೊಳೆಯುವ ಬಣ್ಣದಿಂದ ಹುಡುಕುವ ಪರೀಕ್ಷೆ ಅದು. ಅದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಟ್ಟಂತೆ, ಬೇರೆ ದ್ರವವೇ ಬೇಕು. ಲ್ಯಾಬಿನವರು ಎರಡನ್ನೂ ಒಂದೇ ಬಾಟಲಿಗೆ ಹಾಕಿದ್ದರು. ಫೋನಿನಲ್ಲಿ ಇದನ್ನು ಕೇಳಿದಾಗ ನನ್ನ ಕೈ ನಡುಗಿತು. ಮಗುವಿನ ತಲೆಯಿಂದ ಮತ್ತೆ ತೆಗೆಯಬೇಕಾ? ಅದೃಷ್ಟಕ್ಕೆ ಮಾಮೂಲಿ ಪರೀಕ್ಷೆಯ ವರದಿಯೇ ಸ್ಪಷ್ಟವಾಗಿತ್ತು. ನೋಟವೂ ವರದಿಯೂ ತಾಳೆಯಾಗುತ್ತಿದ್ದರಿಂದ ಎರಡನೆಯದು ಬೇಡ ಎಂದರು ಡಾಕ್ಟರು. ಬಯಾಪ್ಸಿಯ ದಿನ ನೀವೇ ಕೇಳಿ: ಎಷ್ಟು ತುಂಡು, ಎಷ್ಟು ಬಾಟಲಿ, ಯಾವುದು ಯಾವುದರಲ್ಲಿ. ಬಾಟಲಿಗಳ ಫೋಟೋ ತೆಗೆದುಕೊಳ್ಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವರದಿಗೆ 12 ದಿನ ಹಿಡಿಯಿತು. ಸೆಪ್ಟೆಂಬರ್ ಬಂದಿತ್ತು. "ಲೂಪಸ್" ಎಂದರು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮ ಚರ್ಮದ ಮೇಲೆ ಬೀಳುವ ಕಾಯಿಲೆ. ಅಂಟುರೋಗ ಅಲ್ಲ. ತಿಂದ ಊಟದಿಂದ ಬಂದದ್ದೂ ಅಲ್ಲ. ಗಂಡ ರಾತ್ರಿಯೆಲ್ಲಾ ಓದಿ, ತಾಯಿಯ ರಕ್ತದಿಂದ ಮಗುವಿಗೆ ಲೂಪಸ್ ಬರುತ್ತದಂತೆ ಎಂದರು. ನಾನು ಎರಡು ದಿನ ಊಟ ಮಾಡಲಿಲ್ಲ. ಅದು ಬೇರೆಯೇ ಎಂದು ಆಮೇಲೆ ತಿಳಿಯಿತು. ಹುಟ್ಟಿದ ಕೂಸುಗಳಲ್ಲಿ ತಾಯಿಯ ಪ್ರತಿಕಾಯಗಳಿಂದ ಕಣ್ಣಿನ ಸುತ್ತ ಕೆಂಪು ಬಳೆಯಂಥ ಕಲೆ ಬರುವುದುಂಟು. ಆರೆಂಟು ತಿಂಗಳಲ್ಲಿ ಆ ಪ್ರತಿಕಾಯ ಕರಗಿ ಕಲೆಯೂ ಹೋಗುತ್ತದೆ. ಆದರೆ ಆ ಕೂಸುಗಳ ಹೃದಯದ ಬಡಿತವನ್ನು ಪರೀಕ್ಷಿಸಲೇಬೇಕು. 8 ವರ್ಷದ ಮಗುವಿಗೆ ಹೊಸದಾಗಿ ಬಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಂದಿನ ಹೆಜ್ಜೆ ಬೆಂಗಳೂರು, ಮಕ್ಕಳ ಸಂಧಿವಾತ ತಜ್ಞರ ಹತ್ತಿರ. ಚರ್ಮದ ಕಾಯಿಲೆಗೆ ಕೀಲಿನ ಡಾಕ್ಟರು ಯಾಕೆ ಎಂದು ನನಗೂ ಅರ್ಥವಾಗಿರಲಿಲ್ಲ. ಲೂಪಸ್ ಇಡೀ ದೇಹಕ್ಕೆ ಬಂದರೆ ಅದನ್ನು ನೋಡುವವರು ಅವರೇ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಐದು ವಾರದ ನಂತರ. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿ ಹೊರಟೆವು. ಬೆಳಗ್ಗೆ ನೇರ ಆಸ್ಪತ್ರೆಗೆ ಹೋದರೂ ನಮ್ಮ ಸರದಿ ಬಂದಾಗ ಮಧ್ಯಾಹ್ನ ಎರಡೂವರೆ.

ಅವರು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಚರ್ಮದಲ್ಲಿ ಲೂಪಸ್ ಹಲವು ಬಗೆಯಲ್ಲಿ ಬರುತ್ತದೆ. ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪಾಗುವುದು ಒಂದು. ಅದರಲ್ಲಿ ಸಾಮಾನ್ಯವಾಗಿ ಒಳಗಿನ ಅಂಗಗಳಿಗೂ ಕಾಯಿಲೆ ಇರುತ್ತದೆ, ಆದರೆ ಕಲೆ ಗುರುತು ಉಳಿಸದೆ ಹೋಗುತ್ತದೆ. ಡಿಸ್ಕಾಯ್ಡ್ ಅದಕ್ಕೆ ತದ್ವಿರುದ್ಧ. ಮೊದಲು ಕೆಂಪು, ಆಮೇಲೆ ಗಟ್ಟಿ ಪೊರೆ, ಆಮೇಲೆ ಅಂಚು ಕಪ್ಪಾಗಿ ನಡುವೆ ಬೆಳ್ಳಗಾಗಿ ತಗ್ಗು ಬೀಳುತ್ತದೆ. ತಲೆಯಲ್ಲಾದರೆ ಕೂದಲಿನ ಬೇರೇ ಸಾಯುತ್ತದೆ. ಬಹಳ ಜನರಲ್ಲಿ ಚರ್ಮಕ್ಕಷ್ಟೇ ನಿಲ್ಲುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಡಿಸ್ಕಾಯ್ಡ್ ಬರುವುದೇ ಅಪರೂಪ. ಬಂದರೆ, ಅದು ಇಡೀ ದೇಹದ ಲೂಪಸ್ ಆಗಿ ತಿರುಗುವ ಸಾಧ್ಯತೆ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. "ಕೆಲವು ವರದಿಗಳಲ್ಲಿ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ. ಅದೂ ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ" ಎಂದರು.

ನಾಲ್ಕರಲ್ಲಿ ಒಬ್ಬರು. ವಾಪಸ್ ರೈಲಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನಾನು ಎದುರಿಗಿದ್ದ ಸೀಟಿನ ಮಕ್ಕಳನ್ನು ಎಣಿಸುತ್ತಾ ಕೂತಿದ್ದೆ.

ಅವತ್ತು ಮಾಡಿಸಿದ ಪರೀಕ್ಷೆಗಳು: ರಕ್ತಕಣಗಳ ಎಣಿಕೆ, ಇ.ಎಸ್.ಆರ್. (ದೇಹದ ಉರಿಯೂತ ತೋರಿಸುವುದು), ಕಿಡ್ನಿ ಮತ್ತು ಲಿವರ್, ಎ.ಎನ್.ಎ. ಮತ್ತು ಡಿ.ಎಸ್.-ಡಿ.ಎನ್.ಎ. (ನಮ್ಮದೇ ಜೀವಕೋಶಗಳ ವಿರುದ್ಧ ಹುಟ್ಟುವ ಪ್ರತಿಕಾಯಗಳು), ಸಿ3 ಮತ್ತು ಸಿ4 (ಲೂಪಸ್ ಜೋರಾದಾಗ ರಕ್ತದಲ್ಲಿ ಕಡಿಮೆಯಾಗುವ ಪ್ರೋಟೀನುಗಳು), ಮೂತ್ರದಲ್ಲಿ ಪ್ರೋಟೀನು. ಒಟ್ಟು 6,800 ರೂಪಾಯಿ ಆಯಿತು. ನಮ್ಮ ಹತ್ತಿರ ಆಯುಷ್ಮಾನ್ ಕಾರ್ಡ್ ಇತ್ತು. ಆದರೆ ಮಗುವನ್ನು ದಾಖಲು ಮಾಡಿರಲಿಲ್ಲವಾದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಹೊರರೋಗಿಯಾಗಿ ಆಗುವ ಖರ್ಚಿಗೆ ಮೊದಲೇ ದುಡ್ಡು ಹೊಂದಿಸಿಕೊಂಡಿರಿ. ಎ.ಎನ್.ಎ. 1:160 ಪಾಸಿಟಿವ್ ಬಂತು. ಉಳಿದದ್ದೆಲ್ಲ ಸರಿಯಿತ್ತು. ಎ.ಎನ್.ಎ. ಪಾಸಿಟಿವ್ ಎಂದ ಕೂಡಲೇ ನಾನು ಕುಸಿದುಹೋದೆ. ಡಾಕ್ಟರು ಸಮಾಧಾನವಾಗಿ ಹೇಳಿದರು: ಆರೋಗ್ಯವಾಗಿರುವ ಎಷ್ಟೋ ಮಂದಿಗೂ ಇದು ಪಾಸಿಟಿವ್ ಬರುತ್ತದೆ, ಇದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ, ಇದು ಬಾಗಿಲು ಮಾತ್ರ. ಬಾಗಿಲೊಳಗೆ ಯಾರಾದರೂ ಇದ್ದಾರಾ ಎಂದು ಮೂರು ತಿಂಗಳಿಗೊಮ್ಮೆ ಇಣುಕಿ ನೋಡುತ್ತಿರಬೇಕು.

ಇಣುಕುವುದು ಎಂದರೆ ಮುಖ್ಯವಾಗಿ ಮೂತ್ರ ಮತ್ತು ಬಿಪಿ. ಲೂಪಸ್ ಕಿಡ್ನಿಗೆ ಇಳಿದರೆ ಮೊದಮೊದಲು ನೋವೇ ಇರುವುದಿಲ್ಲ. ಮಗು ಆಡಿಕೊಂಡೇ ಇರುತ್ತದೆ. ಹಾಗಾಗಿ ಚೆನ್ನಾಗಿದ್ದಾಳಲ್ಲ ಎಂದು ಪರೀಕ್ಷೆ ತಪ್ಪಿಸಬಾರದು. ಬಿಪಿಯನ್ನು ಮಕ್ಕಳ ತೋಳಿಗೆ ಹೊಂದುವ ಚಿಕ್ಕ ಪಟ್ಟಿಯಲ್ಲೇ ನೋಡಬೇಕು. ಊರಿನ ಕ್ಲಿನಿಕ್‌ಗಳಲ್ಲಿ ಅದು ಇಲ್ಲದೆ ನಾವು ಎರಡು ಸಲ ಪರದಾಡಿದೆವು.

ಚಿಕಿತ್ಸೆ ಶುರುವಾಯಿತು. ಮೊದಲು ಸ್ವಲ್ಪ ದಿನ ಹಗುರವಾದ ಸ್ಟಿರಾಯ್ಡ್ ಕ್ರೀಮು, ಆಮೇಲೆ ಟ್ಯಾಕ್ರೋಲಿಮಸ್ 0.03 ಎನ್ನುವ ಮುಲಾಮು. ಅದನ್ನು ಹಚ್ಚಿದ ಮೊದಲ ವಾರ ಉರಿಯುತ್ತದೆ. ಗಾಬರಿಯಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನು ಮಾಡಿ ಕೇಳಿ. ಮುಖ್ಯ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ. ಕೊರೊನಾ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ್ದ ಅದೇ ಮಾತ್ರೆ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ದಿನಕ್ಕೆ ಕಿಲೋಗೆ 5 ಮಿಲಿಗ್ರಾಂ ದಾಟದ ಹಾಗೆ. ಮಗಳು ಆಗ 22 ಕಿಲೋ. 200ರ ಮಾತ್ರೆಯಲ್ಲಿ ದಿನಕ್ಕೆ ಅರ್ಧ. ಈಗ 31 ಕಿಲೋ, ಒಂದು ದಿನ ಪೂರ್ತಿ, ಮರುದಿನ ಅರ್ಧ. ಇದು ನನ್ನ ಮಗಳ ಲೆಕ್ಕ. ನಿಮ್ಮ ಮಗುವಿನದನ್ನು ನಿಮ್ಮ ಡಾಕ್ಟರೇ ಹಾಕಬೇಕು. ತೂಕ ಬದಲಾದಾಗ ನೆನಪಿಸುವ ಕೆಲಸ ಮಾತ್ರ ನಮ್ಮದು. ಮಾತ್ರೆ ಬೇವಿನಷ್ಟು ಕಹಿ. ಅರ್ಧ ಮಾಡಿದರಂತೂ ನಾಲಿಗೆಗೆ ಅಂಟಿಕೊಳ್ಳುತ್ತದೆ. ಜೇನುತುಪ್ಪ ಆಗಲಿಲ್ಲ, ಬೆಲ್ಲ ಆಗಲಿಲ್ಲ. ಊಟದ ನಡುವೆ ಬಾಳೆಹಣ್ಣಿನ ತುಂಡಿನೊಳಗೆ ಹುದುಗಿಸಿ ಕೊಟ್ಟದ್ದು ಕೆಲಸ ಮಾಡಿತು.

ಈ ಮಾತ್ರೆ ನಿಧಾನ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೇ ತಿಂಗಳಿಂದ ಕಲೆಯ ಅಂಚಿನ ಕೆಂಪು ಇಳಿಯತೊಡಗಿತು. ತುಂಬಾ ವರ್ಷ ತೆಗೆದುಕೊಂಡರೆ ಕಣ್ಣಿನ ಹಿಂದಿನ ಪರದೆಗೆ ತೊಂದರೆ ಆಗಬಹುದು. ಅದಕ್ಕೆ ಮೊದಲ ವರ್ಷದೊಳಗೆ ಒಂದು ಸಲ ಕಣ್ಣು ಪರೀಕ್ಷೆ ಆಗಿರಬೇಕು. ನಾವು ಬೆಂಗಳೂರಿಗೆ ಹೋದಾಗಲೇ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿಕೊಂಡೆವು.

ಇನ್ನು ಬಿಸಿಲು. ಮಾತ್ರೆಗಿಂತ ಕಷ್ಟವಾದದ್ದು ಇದು. ಎಸ್.ಪಿ.ಎಫ್. 50ರ ಸನ್‌ಸ್ಕ್ರೀನು, ಎರಡು ಗಂಟೆಗೊಮ್ಮೆ. ಸರಿಯಾಗಿ ಹಚ್ಚಿದರೆ 600 ರೂಪಾಯಿಯ ಟ್ಯೂಬು ಇಪ್ಪತ್ತು ದಿನವೂ ಬರುವುದಿಲ್ಲ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಉದ್ದ ತೋಳು, ಅಗಲ ಅಂಚಿನ ಟೋಪಿ, ಕೊಡೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಬಯಲಿನಲ್ಲಿ. ಟೋಪಿ ಯೂನಿಫಾರ್ಮಿನಲ್ಲಿ ಇಲ್ಲ ಎಂದರು. ಇನ್ನೊಬ್ಬ ಮಗುವಿನ ತಾಯಿ, ತನ್ನ ಮಗಳ ಪಕ್ಕ ಕೂರಿಸಬೇಡಿ ಎಂದು ಟೀಚರಿಗೆ ಹೇಳಿದ್ದು ನನಗೆ ಗೊತ್ತಾಯಿತು. ಅವತ್ತು ನಾನು ಅತ್ತದ್ದು ರೋಗದ ಹೆಸರು ಕೇಳಿದ ದಿನಕ್ಕಿಂತ ಜಾಸ್ತಿ. ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡು ಬಂದೆ: ಇದು ಅಂಟುವುದಿಲ್ಲ, ಬಿಸಿಲಿನಲ್ಲಿ ನಿಲ್ಲಿಸಬಾರದು, ಟೋಪಿಗೆ ಅವಕಾಶ ಕೊಡಿ. ಪತ್ರ ಕೊಟ್ಟ ಮೇಲೆ ಎಲ್ಲವೂ ಸಲೀಸಾಯಿತು. ಮೊದಲ ಭೇಟಿಯಲ್ಲೇ ಈ ಪತ್ರ ಕೇಳಿ ಪಡೆಯಿರಿ, ಸಾಧ್ಯವಾದರೆ ಕನ್ನಡದಲ್ಲಿ. ಬಿಸಿಲು ತಪ್ಪಿಸುವ ಮಕ್ಕಳಿಗೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಅದನ್ನೂ ಕೇಳಿ.

2023ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಮದುವೆ. ಬಸ್ಸಿನಲ್ಲಿ ಮಗಳು ಕಿಟಕಿ ಪಕ್ಕ ಕೂತಿದ್ದಳು. ಗಾಜು ಮುಚ್ಚಿತ್ತು, ಹಾಗಾಗಿ ಸನ್‌ಸ್ಕ್ರೀನು ಬೇಡ ಅಂದುಕೊಂಡೆ. ಮದುವೆ ಗಲಾಟೆಯಲ್ಲಿ ನಾಲ್ಕು ದಿನ ಮಾತ್ರೆಯೂ ತಪ್ಪಿತು. ಮೂರು ವಾರದೊಳಗೆ ಎಡಗೆನ್ನೆಯಲ್ಲೂ ಮೂಗಿನ ಮೇಲೂ ಹೊಸ ಕಲೆ. ಕಿಟಕಿಯ ಗಾಜು ಬಿಸಿಲಿನ ಒಂದು ಬಗೆಯ ಕಿರಣವನ್ನು ತಡೆಯುತ್ತದೆ, ಇನ್ನೊಂದನ್ನು ಬಹುಪಾಲು ಒಳಗೆ ಬಿಡುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಕಲೆ ಕುತ್ತಿಗೆಯಿಂದ ಕೆಳಗೆ, ಎದೆ ತೋಳುಗಳಿಗೆ ಹರಡಿದೆಯಾ ಎಂದು ಡಾಕ್ಟರು ಬಹಳ ಹೊತ್ತು ನೋಡಿದರು. ಹಾಗೆ ಹರಡುವುದು ಒಳಗಿನ ಕಾಯಿಲೆಯ ಸೂಚನೆ ಆಗಿರಬಹುದಂತೆ. ಹರಡಿರಲಿಲ್ಲ. ಹೊಸ ಕಲೆಗಳಿಗೆ ಕೂಡಲೇ ಚಿಕಿತ್ಸೆ ಆಯಿತು. ಅವು ತಗ್ಗು ಬೀಳದೆ ಸ್ವಲ್ಪ ಕಪ್ಪು ಛಾಯೆ ಉಳಿಸಿ ಹೋದವು. ಬಲಗೆನ್ನೆಗೂ ಎಡಗೆನ್ನೆಗೂ ಇರುವ ವ್ಯತ್ಯಾಸ ಇವತ್ತಿಗೂ ಕಾಣುತ್ತದೆ. ಒಂದಕ್ಕೆ ನಾವು ಏಳು ತಿಂಗಳು ತಡಮಾಡಿದೆವು, ಇನ್ನೊಂದಕ್ಕೆ ಮೂರು ವಾರ.

ಎಲ್ಲಕ್ಕಿಂತ ಕೆಟ್ಟ ಹದಿನೈದು ದಿನ 2024ರ ಜುಲೈನಲ್ಲಿ. ಆ ಮಳೆಗಾಲ ರಾಜ್ಯದ ತುಂಬ ಡೆಂಗಿ. ಮಗಳಿಗೆ ಜ್ವರ, ಕೀಲುನೋವು, ಮುಖ ಕೆಂಪು. ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ 82,000. ಡೆಂಗಿಯಲ್ಲೂ ಹೀಗೇ ಆಗುತ್ತದೆ, ಲೂಪಸ್ ದೇಹಕ್ಕೆಲ್ಲ ಹರಡಿದರೂ ಹೀಗೇ ಆಗಬಹುದು. ಡೆಂಗಿಯ ಎನ್.ಎಸ್.1 ಪರೀಕ್ಷೆ ಪಾಸಿಟಿವ್ ಬಂದಾಗ ನಾನು ದೇವರಿಗೆ ಕೈ ಮುಗಿದೆ. ಮಗುವಿಗೆ ಡೆಂಗಿ ಬಂತೆಂದು ಸಮಾಧಾನಪಟ್ಟ ತಾಯಿ ನಾನು. ಆದರೂ ಬೆಂಗಳೂರಿನ ಡಾಕ್ಟರು ಫೋನಿನಲ್ಲಿ ಹೇಳಿದ್ದು, "ಡೆಂಗಿ ಇದೆ ಎಂದ ಮಾತ್ರಕ್ಕೆ ಲೂಪಸ್ ಇಲ್ಲ ಎಂದಲ್ಲ. ಈಗ ಮೂತ್ರ ನೋಡಿ, ನಾಲ್ಕು ವಾರ ಬಿಟ್ಟು ಎಲ್ಲವನ್ನೂ ಮತ್ತೆ ಮಾಡಿಸಿ." ಮೂತ್ರದಲ್ಲಿ ಪ್ರೋಟೀನು ಇರಲಿಲ್ಲ. ನಾಲ್ಕು ವಾರದ ನಂತರ ಪ್ಲೇಟ್‌ಲೆಟ್ 2,60,000. ಸಿ3, ಸಿ4 ಸರಿಯಾಗಿದ್ದವು. ಊರಿನ ಆಸ್ಪತ್ರೆಯ ಡಾಕ್ಟರಿಗೆ ಮಗಳ ಹಳೆಯ ವರದಿಗಳು ಒಂದೇ ಫೈಲಿನಲ್ಲಿ, ತಾರೀಕಿನ ಪ್ರಕಾರ ಸಿಕ್ಕಿದ್ದರಿಂದ ಅವರು ಗೊಂದಲ ಮಾಡಿಕೊಳ್ಳಲಿಲ್ಲ.

ಆ ಫೈಲಿನ ಬಗ್ಗೆ ಹೇಳಲೇಬೇಕು. ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಕಲೆಗಳ ಫೋಟೋ ತೆಗೆಯುತ್ತೇನೆ. ಎರಡು ಕೆನ್ನೆ, ಎರಡು ಕಿವಿ, ತಲೆ. ದಿನಾ ನೋಡುವ ಕಣ್ಣಿಗೆ ಕಲೆ ಬೆಳೆದದ್ದೂ ಗೊತ್ತಾಗುವುದಿಲ್ಲ, ಇಳಿದದ್ದೂ ಗೊತ್ತಾಗುವುದಿಲ್ಲ. ಜ್ವರ, ಬಾಯಿಹುಣ್ಣು, ಬೆಳಗ್ಗೆ ಎದ್ದಾಗ ಬೆರಳು ಬಿಗಿಯುವುದು, ಕಾಲು ಊತ, ಕೂದಲು ಉದುರುವುದು, ಇವು ಬಂದ ದಿನ ಅದೇ ಪುಸ್ತಕದಲ್ಲಿ ಒಂದು ಸಾಲು. ಡಾಕ್ಟರು ರಕ್ತದ ವರದಿಗಿಂತ ಮೊದಲು ಈ ಪುಸ್ತಕ ಕೇಳುತ್ತಾರೆ.

ಈ ಸಲದ ಭೇಟಿಯಲ್ಲಿ ಎ.ಎನ್.ಎ. ಪಾಸಿಟಿವ್ ಆಗಿಯೇ ಇದೆ. ಉಳಿದದ್ದೆಲ್ಲ ಸರಿ. ಹೊಸ ಕಲೆ ಬಂದು ಎರಡು ವರ್ಷ ದಾಟಿದೆ. ಮಗಳಿಗೆ ಈಗ 11. ದೊಡ್ಡವಳಾಗುವ ವಯಸ್ಸಿನಲ್ಲಿ ಲೂಪಸ್ ಮತ್ತೆ ತಲೆ ಎತ್ತಬಹುದು, ಹಾಗಾಗಿ ಮಾತ್ರೆ ನಿಲ್ಲಿಸುವ ಮಾತು ಸದ್ಯಕ್ಕಿಲ್ಲ. ಬಿಪಿ ನೋಡಲು ಬಂದ ಹೊಸ ನರ್ಸು "ಏನಮ್ಮಾ ತೊಂದರೆ?" ಎಂದು ನನ್ನನ್ನು ಕೇಳಿದರು. ಮಗಳೇ ಉತ್ತರ ಕೊಟ್ಟಳು. "ನನಗೆ ಡಿಸ್ಕಾಯ್ಡ್ ಲೂಪಸ್. ಚರ್ಮಕ್ಕೆ ಮಾತ್ರ. ನಿಮ್ಮ ಹತ್ತಿರ ಮಕ್ಕಳ ಪಟ್ಟಿ ಇದೆಯಾ?"

ಮುಂದಿನ ಭೇಟಿ ಆರು ತಿಂಗಳಿಗೆ. ಹೋಗುವ ವಾರ ಮೊದಲೇ ಊರಿನಲ್ಲಿ ಮೂತ್ರ ಪರೀಕ್ಷೆ, ಹೋದಾಗ ಕಣ್ಣು. ಸನ್‌ಸ್ಕ್ರೀನು ನಾಳೆ ತರಬೇಕು, ಟ್ಯೂಬು ಖಾಲಿಯಾಗಿದೆ.